ವಿಂಡೋಸ್ ಮತ್ತೆ ಹಾಕುವ ಮುನ್ನ ಡಿಸ್ಕ್ ಅಳಿಸುವುದು: ಯಾವ ಸಂದರ್ಭಕ್ಕೆ ಯಾವ ವಿಧಾನ

‘ಸಿಸ್ಟಂ ಸ್ಲೋ ಆಗಿದೆ, ಒಂದ್ಸಲ ಫಾರ್ಮ್ಯಾಟ್ ಹೊಡೆದುಬಿಡಿ’ ಎನ್ನುವ ಒಂದೇ ಮಾತಿನೊಳಗೆ ಐದಾರು ಬೇರೆ ಬೇರೆ ಕೆಲಸಗಳು ಅಡಗಿವೆ. ವಿಂಡೋಸ್ ಹಾಕುವ ಸೆಟಪ್ ಪರದೆಯಲ್ಲಿ ಪಾರ್ಟಿಷನ್ (ಸಿ, ಡಿ ಎಂದು ಡಿಸ್ಕನ್ನು ಹಂಚಿದ ಭಾಗ) ಡಿಲೀಟ್ ಮಾಡಿದರೂ ಜನ ಅದನ್ನು ಫಾರ್ಮ್ಯಾಟ್ ಎನ್ನುತ್ತಾರೆ, ರಾತ್ರಿಯಿಡೀ ಡಿಸ್ಕಿನ ಮೇಲೆ ಸೊನ್ನೆ ಬರೆಸಿದರೂ ಫಾರ್ಮ್ಯಾಟ್ ಎನ್ನುತ್ತಾರೆ. ಕೊನೆಗೆ ಕಣ್ಣಿಗೆ ಕಾಣುವುದು ಎರಡರಲ್ಲೂ ಖಾಲಿ ಡ್ರೈವ್. ಆದರೆ ಮೊದಲನೆಯದರಲ್ಲಿ ಹಳೆಯ ಫೋಟೋಗಳು, ಬ್ಯಾಂಕ್ ಸ್ಟೇಟ್‌ಮೆಂಟುಗಳು ಹೆಚ್ಚುಕಡಿಮೆ ಹಾಗೆಯೇ ಕುಳಿತಿರುತ್ತವೆ, ಎರಡನೆಯದರಲ್ಲಿ ಇರುವುದಿಲ್ಲ.

ಡಿಸ್ಕಿನಲ್ಲಿ ಫೈಲ್ ಇರುವ ಜಾಗ ಬೇರೆ, ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕ ಬೇರೆ. ಕ್ವಿಕ್ ಫಾರ್ಮ್ಯಾಟ್ ಆ ಲೆಕ್ಕವನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲದಲ್ಲಿ ನಿಂತ ಬೆಳೆ ಮಾಯವಾಗುವುದಿಲ್ಲವಲ್ಲ, ಹಾಗೆ. ಉಚಿತವಾಗಿ ಸಿಗುವ ಫೋಟೋರೆಕ್‌ನಂಥ ತಂತ್ರಾಂಶ ಈ ಲೆಕ್ಕವನ್ನು ಕೇಳುವುದೇ ಇಲ್ಲ. ಡಿಸ್ಕಿನ ಸಣ್ಣ ಸಣ್ಣ ತುಂಡುಗಳಾದ ಸೆಕ್ಟರ್‌ಗಳನ್ನು ಒಂದೊಂದಾಗಿ ಓದುತ್ತಾ ಹೋಗಿ, ಜೆಪೆಗ್ ಅಥವಾ ಪಿಡಿಎಫ್ ಫೈಲಿನ ಆರಂಭದ ಗುರುತು ಕಂಡಲ್ಲೆಲ್ಲ ಅದನ್ನು ಎತ್ತಿಕೊಡುತ್ತದೆ.

ಹಾಗಂತ ಎಲ್ಲರೂ ಎಲ್ಲ ಸಲವೂ ಡಿಸ್ಕನ್ನು ಉಜ್ಜಿ ತೊಳೆಯಬೇಕಾಗಿಲ್ಲ. ಎರಡು ಪ್ರಶ್ನೆಗೆ ಉತ್ತರ ಗೊತ್ತಾದರೆ ವಿಧಾನ ತಾನಾಗಿಯೇ ನಿರ್ಧಾರವಾಗುತ್ತದೆ. ಈ ಡಿಸ್ಕ್ ಮುಂದೆ ಯಾರ ಕೈಯಲ್ಲಿರುತ್ತದೆ? ಅದು ತಿರುಗುವ ತಟ್ಟೆಯ ಹಾರ್ಡ್ ಡಿಸ್ಕೋ, ಬರೀ ಮೆಮೊರಿ ಚಿಪ್‌ಗಳ ಎಸ್‌ಎಸ್‌ಡಿಯೋ? ಎಷ್ಟು ಸಲ ಅಳಿಸಬೇಕು ಎಂಬ ಪ್ರಶ್ನೆಯ ಮೇಲೆ ಜನ ತಲೆ ಕೆಡಿಸಿಕೊಳ್ಳುವುದೇ ಹೆಚ್ಚು, ಆದರೆ ಆ ಪ್ರಶ್ನೆಗೆ ಇವತ್ತು ಅಷ್ಟು ತೂಕವಿಲ್ಲ.

ಯಾವ ಡಿಸ್ಕ್ ಇದೆ ಎಂದು ನೋಡಲು ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬಿಗೆ ಹೋಗಿ. ಪ್ರತಿ ಡಿಸ್ಕಿನ ಹೆಸರಿನ ಕೆಳಗೆ ಎಚ್‌ಡಿಡಿ ಅಥವಾ ಎಸ್‌ಎಸ್‌ಡಿ ಎಂದು ಬರೆದಿರುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಎರಡೂ ಇರುವುದು ಈಗ ಸಾಮಾನ್ಯ. ಆಮೇಲೆ ಹಾಕಿಸಿದ ಎಸ್‌ಎಸ್‌ಡಿಯಲ್ಲಿ ವಿಂಡೋಸ್, ಹಳೆಯ ಹಾರ್ಡ್ ಡಿಸ್ಕಿನಲ್ಲಿ ಡಿ ಡ್ರೈವ್. ಮಾರುವಾಗ ಸಿ ಅಳಿಸಿ ಡಿ ಮರೆಯುವುದು ಇಲ್ಲಿಂದಲೇ ಶುರುವಾಗುತ್ತದೆ.

ಅಳಿಸುವ ಮುನ್ನ ತೆಗೆದಿಡಬೇಕಾದ್ದು

ಅರೆಬರೆ ಅಳಿಸಿ ತೊಂದರೆಗೆ ಸಿಕ್ಕವರಿಗಿಂತ, ಬೇಕಾದದ್ದನ್ನೇ ಅಳಿಸಿಕೊಂಡು ಕುಳಿತವರು ಹೆಚ್ಚು. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಿರುತ್ತವೆ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದೂ ಸಿ ಡ್ರೈವಿನಲ್ಲೇ ಇರುತ್ತದೆ ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಔಟ್‌ಲುಕ್ ಬಳಸುವವರಿಗೆ ಮೇಲ್‌ಗಳನ್ನು ಇಟ್ಟುಕೊಂಡಿರುವ ಪಿಎಸ್‌ಟಿ ಫೈಲ್ ಬೇಕು. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಯಾವುದಾದರೂ ಖಾತೆಗೆ ಸಿಂಕ್ ಆಗಿವೆಯೇ ಎಂದು ಇನ್ನೊಂದು ಸಾಧನದಲ್ಲಿ ತೆರೆದೇ ನೋಡಬೇಕು.

ನಮ್ಮ ಕಡೆಯ ಕಂಪ್ಯೂಟರ್‌ಗಳಲ್ಲಿ ಇನ್ನೆರಡು ಸಂಗತಿಗಳಿವೆ. ನುಡಿ ಅಥವಾ ಬರಹದಲ್ಲಿ ಹಳೆಯ ಆಸ್ಕಿ ಫಾಂಟ್ ಬಳಸಿ ಟೈಪ್ ಮಾಡಿದ ವರ್ಡ್ ಫೈಲ್‌ಗಳನ್ನು ಮಾತ್ರ ಕಾಪಿ ಮಾಡಿದರೆ ಸಾಲದು. ಹೊಸ ವಿಂಡೋಸ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಆದ್ದರಿಂದ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟ್‌ಗಳನ್ನೂ, ಸಾಧ್ಯವಾದರೆ ಅದೇ ಆವೃತ್ತಿಯ ಇನ್‌ಸ್ಟಾಲರ್ ಅನ್ನೂ ತೆಗೆದಿಡಿ. ಎರಡನೆಯದು ಟ್ಯಾಲಿ. ಅದರ ಡೇಟಾ ಫೋಲ್ಡರ್ ಸಿ ಡ್ರೈವಿನಲ್ಲೇ ಇರುವುದುಂಟು, ಹಾಗಾಗಿ ಟ್ಯಾಲಿಯೊಳಗೇ ಡೇಟಾದ ದಾರಿ ನೋಡಿಕೊಂಡು ಬ್ಯಾಕಪ್ ಮಾಡಿ. ಅದಕ್ಕಿಂತ ಮುಖ್ಯವಾಗಿ, ಫಾರ್ಮ್ಯಾಟ್‌ಗೆ ಮುನ್ನ ಟ್ಯಾಲಿಯ ಲೈಸೆನ್ಸ್ ಸರೆಂಡರ್ ಮಾಡಬೇಕು, ಅಂದರೆ ಈ ಕಂಪ್ಯೂಟರಿನಿಂದ ಬಿಡಿಸಬೇಕು. ಮಾಡದಿದ್ದರೆ ಹೊಸ ವಿಂಡೋಸ್ ಮೇಲೆ ಲೈಸೆನ್ಸ್ ಸಕ್ರಿಯಗೊಳಿಸುವಾಗ ತೊಡಕಾಗುತ್ತದೆ.

ಕೀ ಇಲ್ಲದೆ ಡಿಸ್ಕಿನ ಡೇಟಾ ಓದಲಾಗದಂತೆ ಮಾಡುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆನ್ ಇದ್ದು, ಡಿ ಡ್ರೈವನ್ನು ಹಾಗೇ ಉಳಿಸಿಕೊಂಡು ಸಿ ಮಾತ್ರ ಅಳಿಸುವುದಾದರೆ, 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಹೊಸ ವಿಂಡೋಸ್ ಹಳೆಯ ಡಿ ಡ್ರೈವನ್ನು ತೆರೆಯುವ ಮುನ್ನ ಅದನ್ನೇ ಕೇಳುತ್ತದೆ. ಆಗ ಕೀ ಇಲ್ಲದಿದ್ದರೆ ಆ ಡೇಟಾ ಹೋದಂತೆಯೇ.

ವಿಂಡೋಸ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಈಚಿನ ಬ್ರ್ಯಾಂಡೆಡ್ ಲ್ಯಾಪ್‌ಟಾಪ್‌ಗಳಲ್ಲಿ ಕೀ ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲೇ (ಚಿಪ್‌ನೊಳಗಿನ ಮೂಲ ತಂತ್ರಾಂಶ) ಇರುತ್ತದೆ. ಡಿಜಿಟಲ್ ಲೈಸೆನ್ಸ್ ಆದರೆ ಹಾರ್ಡ್‌ವೇರಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಅಳಿಸಿದರೂ ಅದೇ ಎಡಿಷನ್ ಹಾಕಿದರೆ ಇಂಟರ್ನೆಟ್ ಸಿಕ್ಕ ಕೂಡಲೇ ಆ್ಯಕ್ಟಿವೇಟ್ ಆಗುತ್ತದೆ. ಹೋಮ್ ಇದ್ದ ಯಂತ್ರಕ್ಕೆ ಪ್ರೊ ಹಾಕಿದರೆ ಆಗುವುದಿಲ್ಲ.

ಕಂಪ್ಯೂಟರ್ ನಿಮ್ಮ ಬಳಿಯೇ ಉಳಿಯುವುದಾದರೆ

ಇದಕ್ಕೆ ಸೆಟಪ್ ಪರದೆಯಲ್ಲೇ ಪಾರ್ಟಿಷನ್‌ಗಳನ್ನು ಡಿಲೀಟ್ ಮಾಡುವುದು ಸಾಕು. ಎರಡು ನಿಮಿಷದ ಕೆಲಸ. ಕನಿಷ್ಠ 8 ಜಿಬಿಯ ಪೆನ್ ಡ್ರೈವಿನಲ್ಲಿ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಇನ್‌ಸ್ಟಾಲರ್ ಸಿದ್ಧಪಡಿಸಿ, ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ (ಶುರು ಮಾಡಿ). ಡಿಸ್ಕ್ ಆರಿಸುವ ಹಂತ ಬಂದಾಗ ಆ ಡಿಸ್ಕಿನ ಪ್ರತಿ ಪಾರ್ಟಿಷನ್ ಮೇಲೆ ಡಿಲೀಟ್ ಕೊಟ್ಟು, ಎಲ್ಲವೂ ಸೇರಿ ಒಂದೇ ‘ಅನ್‌ಅಲೊಕೇಟೆಡ್ ಸ್ಪೇಸ್’ ಆದಮೇಲೆ ನೆಕ್ಸ್ಟ್ ಒತ್ತಿದರಾಯಿತು. ಕಂಪ್ಯೂಟರ್ ಶುರುವಾಗಲು ಬೇಕಾದ ಇಎಫ್‌ಐ, ರಿಕವರಿ ಮುಂತಾದ ಸಣ್ಣ ಪಾರ್ಟಿಷನ್‌ಗಳನ್ನು ಸೆಟಪ್ ತಾನೇ ಮತ್ತೆ ರಚಿಸುತ್ತದೆ. ಲ್ಯಾಪ್‌ಟಾಪ್ ಕಂಪನಿಯವರು ಕೊಟ್ಟ ರಿಕವರಿ ಪಾರ್ಟಿಷನ್ ಮಾತ್ರ ಹೋದದ್ದು ಹೋಯಿತು, ಅದು ವಾಪಸ್ ಬರುವುದಿಲ್ಲ.

ಇಲ್ಲಿ ಆಗುವ ಸಾಮಾನ್ಯ ತಪ್ಪೆಂದರೆ ಏನನ್ನೂ ಡಿಲೀಟ್ ಮಾಡದೆ ಹಳೆಯ ಸಿ ಪಾರ್ಟಿಷನ್ ಮೇಲೆಯೇ ನೆಕ್ಸ್ಟ್ ಒತ್ತುವುದು. ಆಗ ಹಳೆಯ ವಿಂಡೋಸ್ ಪೂರ್ತಿಯಾಗಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿಗೆ ಸರಿದು ಕೂರುತ್ತದೆ. ಹತ್ತಾರು ಜಿಬಿ ಜಾಗ ತಿನ್ನುತ್ತದೆ, ಹಳೆಯ ಕೊಳೆಯೂ ಉಳಿಯುತ್ತದೆ.

ವೈರಸ್ ಹೊಕ್ಕಿದ್ದಕ್ಕೆ ಮರುಸ್ಥಾಪಿಸುತ್ತಿದ್ದರೂ ಸೊನ್ನೆ ಬರೆಯಬೇಕಾಗಿಲ್ಲ. ಅಳಿಸಿದ ಜಾಗದಲ್ಲಿ ಬಿದ್ದಿರುವ ವೈರಸ್‌ನ ಚೂರುಗಳು ತಾವಾಗಿ ಎದ್ದು ಓಡುವುದಿಲ್ಲ, ಅವನ್ನು ಯಾರಾದರೂ ಕರೆಯಬೇಕು. ಅಪಾಯ ಇರುವುದು ಉಳಿಸಿಕೊಂಡ ಡಿ ಡ್ರೈವಿನಲ್ಲಿ ಮತ್ತು ಬ್ಯಾಕಪ್ ಪೆನ್ ಡ್ರೈವಿನಲ್ಲಿ. ಅಲ್ಲಿಂದ ಡಾಕ್ಯುಮೆಂಟ್, ಫೋಟೋ ಮಾತ್ರ ವಾಪಸ್ ತನ್ನಿ. ಸೆಟಪ್ ಫೈಲ್, ‘ಕ್ರ್ಯಾಕ್’ ಮಾಡಿದ ಸಾಫ್ಟ್‌ವೇರ್, ಕಳ್ಳ ಕೀ ತಯಾರಿಸುವ ಕೀಜನ್ ಯಾವುದನ್ನೂ ತರಬೇಡಿ. ಇನ್‌ಸ್ಟಾಲರ್ ಪೆನ್ ಡ್ರೈವನ್ನು ಸೋಂಕಿಲ್ಲದ ಬೇರೆ ಕಂಪ್ಯೂಟರಿನಲ್ಲಿ ತಯಾರಿಸಿ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಹಳೆಯ ಯಂತ್ರಗಳಿಗೆ ಲಿನಕ್ಸ್ ಹಾಕುವವರಿದ್ದಾರೆ. ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನ ಇನ್‌ಸ್ಟಾಲರಿನಲ್ಲಿರುವ ‘ಎರೇಸ್ ಡಿಸ್ಕ್’ ಎಂಬ ಆಯ್ಕೆಯ ಹೆಸರು ಕೇಳಿ ಮೋಸಹೋಗಬೇಡಿ. ಅದು ಮಾಡುವುದು ಹೊಸ ಪಾರ್ಟಿಷನ್ ಪಟ್ಟಿ ಮತ್ತು ಹೊಸ ಫೈಲ್ ಸಿಸ್ಟಂ ಮಾತ್ರ. ನಿಮ್ಮ ಬಳಕೆಗೆ ಅಷ್ಟು ಸಾಕು.

‘ರಿಸೆಟ್ ದಿಸ್ ಪಿಸಿ’ಯ ಒಳಹೊರಗು

ಪೆನ್ ಡ್ರೈವ್ ಇಲ್ಲದೆ, ಬಯೋಸ್ (ಆನ್ ಮಾಡಿದೊಡನೆ ಓಡುವ ಕಂಪ್ಯೂಟರಿನ ಮೂಲ ಸೆಟ್ಟಿಂಗ್) ಮುಟ್ಟದೆ ಕೆಲಸ ಮುಗಿಯಬೇಕು ಎನ್ನುವವರಿಗೆ ವಿಂಡೋಸ್ 10 ಮತ್ತು 11ರ ಸೆಟ್ಟಿಂಗ್ಸ್‌ನಲ್ಲಿರುವ ಈ ದಾರಿ ಹಿತ. ‘ರಿಮೂವ್ ಎವೆರಿಥಿಂಗ್’ ಆರಿಸಿದ ಮೇಲೆ ‘ಚೇಂಜ್ ಸೆಟ್ಟಿಂಗ್ಸ್’ ಒಳಗೆ ಹೋಗಲೇಬೇಕು. ಅಲ್ಲಿ ಗಮನಿಸಬೇಕಾದ ಸ್ವಿಚ್‌ಗಳು ಎರಡು. ‘ಕ್ಲೀನ್ ಡೇಟಾ’ ಆನ್ ಮಾಡದಿದ್ದರೆ ಫೈಲ್‌ಗಳ ಲೆಕ್ಕ ಮಾತ್ರ ಅಳಿಯುತ್ತದೆ, ಆನ್ ಮಾಡಿದರೆ ಅವುಗಳ ಜಾಗದ ಮೇಲೂ ಬರೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಗಂಟೆಗಳೇ ಹಿಡಿಯುತ್ತವೆ. ಇನ್ನೊಂದು ಸ್ವಿಚ್, ವಿಂಡೋಸ್ ಇರುವ ಡ್ರೈವ್ ಮಾತ್ರವೋ ಎಲ್ಲ ಡ್ರೈವ್‌ಗಳೋ ಎಂದು ಕೇಳುತ್ತದೆ. ಡಿ ಡ್ರೈವಿನ ಗತಿ ನಿಂತಿರುವುದು ಈ ಒಂದು ಸ್ವಿಚ್ ಮೇಲೆ.

ಮನೆಯವರಿಗೆ, ನೆಂಟರಿಗೆ ಕೊಡುವ ಲ್ಯಾಪ್‌ಟಾಪಿಗೆ ಇದು ಧಾರಾಳವಾಗಿ ಸಾಕು. ಆದರೆ ಈ ಸೌಲಭ್ಯ ಸಾಮಾನ್ಯ ಬಳಕೆದಾರರಿಗಾಗಿ ಇರುವಂಥದ್ದು, ಸರ್ಕಾರಿ ಮತ್ತು ಉದ್ಯಮದ ಅಳಿಸುವಿಕೆಯ ಮಾನದಂಡಗಳಿಗೆ ಹೊಂದುವುದಿಲ್ಲ ಎಂದು ಮೈಕ್ರೋಸಾಫ್ಟ್ ತಾನೇ ಹೇಳಿದೆ. 2022ರ ಆರಂಭದಲ್ಲಿ, ಒನ್‌ಡ್ರೈವ್‌ನಿಂದ ಇಳಿಸಿಕೊಂಡ ಫೈಲ್‌ಗಳು ‘ರಿಮೂವ್ ಎವೆರಿಥಿಂಗ್’ ಕೊಟ್ಟ ಮೇಲೂ ಉಳಿದುಕೊಳ್ಳುವ ದೋಷ ಪತ್ತೆಯಾಗಿ, ಮಾರ್ಚ್ ತಿಂಗಳ ಅಪ್‌ಡೇಟ್‌ನಲ್ಲಿ ಅದನ್ನು ಸರಿಪಡಿಸಿದರು. ಅಪ್‌ಡೇಟ್ ಕಾಣದೆ ವರ್ಷಗಟ್ಟಲೆ ಬಿದ್ದಿದ್ದ ಯಂತ್ರವನ್ನು ರಿಸೆಟ್ ಮಾಡುವಾಗ ಇದು ನೆನಪಿರಲಿ. ಕಚೇರಿ, ಕ್ಲಿನಿಕ್, ಲೆಕ್ಕಪರಿಶೋಧಕರ ಕಂಪ್ಯೂಟರ್‌ಗಳಿಗೆ ಈ ದಾರಿಯನ್ನು ನಾವು ಶಿಫಾರಸು ಮಾಡುವುದಿಲ್ಲ.

ತಿರುಗುವ ಹಾರ್ಡ್ ಡಿಸ್ಕ್ ಮಾರುವುದಾದರೆ

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೈಯಿಂದ ಕೈಗೆ ದಾಟುತ್ತಲೇ ಇರುತ್ತದೆ. ನಿಮ್ಮ ಡಿಸ್ಕ್ ಕೊನೆಗೆ ಯಾರ ಟೇಬಲ್ ಸೇರುತ್ತದೆ ಎಂದು ತಿಳಿಯುವ ದಾರಿಯಿಲ್ಲ. ಇಲ್ಲಿ ಒಂದು ಸಲ ಪೂರ್ತಿ ಸೊನ್ನೆ ಬರೆಯುವುದು ಕಡ್ಡಾಯ ಎಂದೇ ತಿಳಿಯಿರಿ.

ವಿಂಡೋಸ್ ಜೊತೆಗೇ ಬರುವ ಡಿಸ್ಕ್‌ಪಾರ್ಟ್ ಇದಕ್ಕೆ ಸಾಕು. ಇನ್‌ಸ್ಟಾಲರ್ ಪೆನ್ ಡ್ರೈವಿನಿಂದ ಬೂಟ್ ಮಾಡಿ ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಕೀಯನ್ನೂ ಸೇರಿಸಬೇಕು. ಅಲ್ಲಿ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದಕ್ಕೂ ಎಂಟರ್ ಒತ್ತುತ್ತಾ ಈ ಕ್ರಮದಲ್ಲಿ ಕೊಡಿ: ಡಿಸ್ಕ್‌ಪಾರ್ಟ್, ಲಿಸ್ಟ್ ಡಿಸ್ಕ್, ಸೆಲೆಕ್ಟ್ ಡಿಸ್ಕ್ 0, ಡಿಟೇಲ್ ಡಿಸ್ಕ್, ಕ್ಲೀನ್ ಆಲ್. ಎರಡನೆಯದು ತೋರಿಸುವ ಗಾತ್ರಗಳನ್ನು ನೋಡಿ ಸೊನ್ನೆಯ ಜಾಗದಲ್ಲಿ ನಿಮ್ಮ ಡಿಸ್ಕಿನ ಸಂಖ್ಯೆ ಹಾಕಬೇಕು. 1 ಟಿಬಿ ಡಿಸ್ಕ್ ಅಲ್ಲಿ 931 ಜಿಬಿ ಎಂದೂ, 500 ಜಿಬಿಯದು 465 ಎಂದೂ ಕಾಣುತ್ತದೆ. ಡಿಟೇಲ್ ಡಿಸ್ಕ್ ಕೊಟ್ಟಾಗ ಮಾಡೆಲ್ ಹೆಸರು ಬರುತ್ತದೆ. ಡಿಸ್ಕಿನ ಮೇಲಿನ ಲೇಬಲ್ ಜೊತೆ ಅದು ತಾಳೆಯಾಗದೆ ಮುಂದಕ್ಕೆ ಹೋಗಬೇಡಿ. ಡಿಸ್ಕ್‌ಪಾರ್ಟ್ ‘ಖಚಿತವೇ?’ ಎಂದು ಕೇಳುವುದಿಲ್ಲ. ಎಂಟರ್ ಒತ್ತಿದರೆ ಮುಗಿಯಿತು. ಆದ್ದರಿಂದ ಅಳಿಸಬಾರದ ಡಿಸ್ಕ್‌ಗಳನ್ನೆಲ್ಲ, ಮುಖ್ಯವಾಗಿ ಬ್ಯಾಕಪ್ ಇರುವ ಎಕ್ಸ್‌ಟರ್ನಲ್ ಡಿಸ್ಕನ್ನು, ಮೊದಲೇ ಕಿತ್ತಿಟ್ಟು ಕೂರುವುದು ಎಲ್ಲಕ್ಕಿಂತ ಒಳ್ಳೆಯ ಅಭ್ಯಾಸ.

‘ಕ್ಲೀನ್’ ಮತ್ತು ‘ಕ್ಲೀನ್ ಆಲ್’ ನಡುವೆ ಒಂದೇ ಪದದ ಅಂತರ, ಫಲದಲ್ಲಿ ಅಜಗಜಾಂತರ. ಮೊದಲನೆಯದು ಪಾರ್ಟಿಷನ್ ಮಾಹಿತಿಯನ್ನು ಕ್ಷಣದಲ್ಲಿ ಅಳಿಸಿ ನಿಲ್ಲುತ್ತದೆ, ಎರಡನೆಯದು ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತದೆ. ಎಷ್ಟಾಯಿತು ಎಂಬ ಶೇಕಡಾವಾರು ತೋರಿಸುವುದಿಲ್ಲವಾದ್ದರಿಂದ ಕೆಟ್ಟುನಿಂತಿದೆ ಎಂದುಕೊಂಡು ಅರ್ಧಕ್ಕೇ ಆಫ್ ಮಾಡುವವರಿದ್ದಾರೆ. ಡಿಸ್ಕಿನ ಲೈಟ್ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಲೆಕ್ಕ ಹಾಕಿಕೊಳ್ಳುವುದೂ ಸುಲಭ. ಡೆಸ್ಕ್‌ಟಾಪ್ ಡಿಸ್ಕ್ ಸರಾಸರಿ ಸೆಕೆಂಡಿಗೆ 120 ಎಂಬಿ ಬರೆಯುತ್ತದೆ ಎಂದಿಟ್ಟುಕೊಂಡರೆ 1 ಟಿಬಿಗೆ ಎರಡೂಕಾಲು ಗಂಟೆಯ ಮೇಲೆ. ಲ್ಯಾಪ್‌ಟಾಪಿನ ಹಳೆಯ 500 ಜಿಬಿ ಡಿಸ್ಕ್ ಸೆಕೆಂಡಿಗೆ 80 ಎಂಬಿಯಂತೆ ಒಂದೂಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತದೆ. ಅದೇ 1 ಟಿಬಿ ಡಿಸ್ಕನ್ನು ಯುಎಸ್‌ಬಿ 2.0 ಪೋರ್ಟಿಗೆ ಸಿಕ್ಕಿಸಿದರೆ ಎಂಟು ಗಂಟೆಗೂ ಹೆಚ್ಚು. ಪೋರ್ಟಿನ ಒಳಭಾಗ ನೀಲಿ ಇದ್ದರೆ ಸಾಮಾನ್ಯವಾಗಿ ಅದು 3.0, ಅದನ್ನೇ ಬಳಸಿ.

ಮಧ್ಯೆ ಕರೆಂಟ್ ಹೋದರೆ ಡಿಸ್ಕಿಗೆ ಹಾನಿಯಿಲ್ಲ, ಮತ್ತೆ ಮೊದಲಿಂದ ಶುರು ಮಾಡಬೇಕು ಅಷ್ಟೆ. ಮನೆಯ ಸಣ್ಣ ಯುಪಿಎಸ್ ಮೂರು ಗಂಟೆ ನಿಲ್ಲುವುದಿಲ್ಲ. ಲೋಡ್ ಶೆಡ್ಡಿಂಗ್ ಇರುವ ಊರಲ್ಲಿ ರಾತ್ರಿ ಹೊತ್ತು ಹಚ್ಚಿ ಮಲಗುವುದು ಲೇಸು.

ಇದಕ್ಕೆ ಪರ್ಯಾಯ ಫುಲ್ ಫಾರ್ಮ್ಯಾಟ್. ವಿಂಡೋಸ್ ವಿಸ್ಟಾದಿಂದ ಈಚೆಗೆ, ‘ಕ್ವಿಕ್ ಫಾರ್ಮ್ಯಾಟ್’ ಟಿಕ್ ತೆಗೆದು ಫಾರ್ಮ್ಯಾಟ್ ಮಾಡಿದರೆ ಆ ಪಾರ್ಟಿಷನ್ ಪೂರ್ತಿ ಸೊನ್ನೆಯಾಗುತ್ತದೆ. ಎಕ್ಸ್‌ಪಿ ಕಾಲದಲ್ಲಿ ಹಾಗಿರಲಿಲ್ಲ, ಕೆಟ್ಟ ಸೆಕ್ಟರ್ ಇದೆಯೇ ಎಂದು ಓದಿ ನೋಡುತ್ತಿತ್ತಷ್ಟೆ. ಆ ಕಾಲದ ಸಲಹೆಗಳು ಇನ್ನೂ ಬಾಯಿಂದ ಬಾಯಿಗೆ ಹರಿದಾಡುತ್ತಿರುವುದರಿಂದ ಗೊಂದಲ ಉಳಿದಿದೆ. ಎಕ್ಸ್‌ಟರ್ನಲ್ ಡಿಸ್ಕಿಗೆ, ಡಿ ಡ್ರೈವಿಗೆ ಫುಲ್ ಫಾರ್ಮ್ಯಾಟ್ ಸರಳ ದಾರಿ. ಆದರೆ ಅದು ಪಾರ್ಟಿಷನ್ನಿನ ಗಡಿ ದಾಟುವುದಿಲ್ಲ. ಇಡೀ ಡಿಸ್ಕ್ ಅಳಿಸಬೇಕಾದಾಗ ಕ್ಲೀನ್ ಆಲ್ ಮೇಲು.

ಹತ್ತಾರು ಡಿಸ್ಕ್‌ಗಳನ್ನು ಒಟ್ಟಿಗೆ ಅಳಿಸುವ ಕಚೇರಿ, ಶಾಲೆಗಳಿಗೆ ಶ್ರೆಡ್‌ಓಎಸ್ ಅನುಕೂಲ. ಪೆನ್ ಡ್ರೈವಿನಿಂದ ಬೂಟ್ ಆಗಿ ನೇರವಾಗಿ ಎನ್‌ವೈಪ್ ಎಂಬ ತಂತ್ರಾಂಶ ತೆರೆಯುತ್ತದೆ. ಸ್ಪೇಸ್ ಒತ್ತಿ ಡಿಸ್ಕ್‌ಗಳನ್ನು ಆರಿಸಿ, ‘ಎಂ’ ಒತ್ತಿ ವಿಧಾನವನ್ನು ಝೀರೋ ಫಿಲ್‌ಗೆ ಬದಲಿಸಿ, ದೊಡ್ಡಕ್ಷರದ ‘ಎಸ್’ ಒತ್ತಿದರೆ ಶುರು. ಮುಗಿಯಲು ಎಷ್ಟು ಹೊತ್ತು ಎಂದು ತೋರಿಸುತ್ತದೆ, ಕೊನೆಗೆ ಓದಿ ಪರೀಕ್ಷಿಸುತ್ತದೆ. ಹಿಂದೆ ಎಲ್ಲರೂ ಹೇಳುತ್ತಿದ್ದ, ಇಂಥದ್ದೇ ತಂತ್ರಾಂಶವಾದ ಡಿಬ್ಯಾನ್‌ನ ಕೊನೆಯ ಆವೃತ್ತಿ 2.3.0 ಬಂದದ್ದು 2015ರಲ್ಲಿ. ಹೊಸ ಯಂತ್ರಗಳಲ್ಲಿ ಅದನ್ನು ಬೂಟ್ ಮಾಡಿಸುವುದೇ ಕಷ್ಟ. ಅದನ್ನು ಬಿಟ್ಟುಬಿಡಿ.

ಒಂದು ಸಲವೋ, ಮೂರೋ, ಮೂವತ್ತೈದೋ

35 ಸಲ ಬರೆಯುವ ಲೆಕ್ಕ ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದ್ದು. ಆಗ ಬಳಕೆಯಲ್ಲಿದ್ದ ನಾನಾ ಬಗೆಯ ಡಿಸ್ಕ್‌ಗಳ ಎನ್‌ಕೋಡಿಂಗ್ ವಿಧಾನಗಳಿಗೆಲ್ಲ ಒಟ್ಟಿಗೆ ಸಲ್ಲುವಂತೆ ಹಾಕಿದ ಪಟ್ಟಿ ಅದು. ಯಾವ ಒಂದು ಡಿಸ್ಕಿಗೂ 35 ಅಷ್ಟೂ ಬೇಕಿರಲಿಲ್ಲ. ಈಗಿನ ಡಿಸ್ಕಿಗೆ ಅದನ್ನು ಮಂತ್ರದಂತೆ ಜಪಿಸುವುದರಲ್ಲಿ ಅರ್ಥವಿಲ್ಲ ಎಂದು ಅವರೇ ಮುಂದೆ ಬರೆದರು. ಮೂರು ಸಲದ ಲೆಕ್ಕ ಅಮೆರಿಕದ ರಕ್ಷಣಾ ಇಲಾಖೆಯ ಹಳೆಯ ಕೈಪಿಡಿಯ ಹೆಸರಲ್ಲಿ ಚಾಲ್ತಿಗೆ ಬಂದದ್ದು. ಆ ದೇಶದ ಮಾನಕ ಸಂಸ್ಥೆಯಾದ ನಿಸ್ಟ್ ತನ್ನ 800-88 ಮಾರ್ಗಸೂಚಿಯ 2014ರ ಪರಿಷ್ಕರಣೆಯಲ್ಲಿ, ತಿರುಗುವ ಡಿಸ್ಕಿಗೆ ಸೊನ್ನೆಯಂಥ ಒಂದೇ ಮಾದರಿಯನ್ನು ಒಂದು ಸಲ ಬರೆದರೆ ಪ್ರಯೋಗಾಲಯದ ತಂತ್ರಗಳಿಂದಲೂ ಸಾಮಾನ್ಯವಾಗಿ ಡೇಟಾ ಮರಳಿ ಪಡೆಯಲಾಗದು ಎಂಬ ನಿಲುವು ತಳೆಯಿತು. 1 ಟಿಬಿಗೆ 35 ಸಲ ಎಂದರೆ ಮೂರು ದಿನ ದಾಟುತ್ತದೆ. ಆ ಹೊತ್ತನ್ನು ಒಂದು ಸಲ ಬರೆದದ್ದನ್ನು ಪರೀಕ್ಷಿಸಲು ಕೊಡಿ.

ಒಂದು ಸಲ ಬರೆದರೂ ತಲುಪದ ಮೂಲೆಗಳಿವೆ. ಡಿಸ್ಕ್ ತಾನೇ ಕೆಟ್ಟದ್ದೆಂದು ಬದಿಗಿಟ್ಟ ಸೆಕ್ಟರ್‌ಗಳಿಗೆ ಹೊರಗಿನಿಂದ ಬರೆಯಲಾಗುವುದಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ 05 ಎಂಬ ಸಾಲು ಇವುಗಳ ಸಂಖ್ಯೆ, ಸಿ5 ಎಂಬ ಸಾಲು ಅನುಮಾನದಲ್ಲಿರುವ ಸೆಕ್ಟರ್‌ಗಳ ಸಂಖ್ಯೆ. ಸೊನ್ನೆ ಬರೆದ ಮೇಲೆ ಸಿ5 ಇಳಿಯುವುದುಂಟು, ಏಕೆಂದರೆ ಬರೆಯುವಾಗ ಡಿಸ್ಕ್ ಅವನ್ನು ಒಪ್ಪಿಕೊಳ್ಳುತ್ತದೆ ಇಲ್ಲವೇ ಬದಲಿ ಸೆಕ್ಟರ್ ಕೊಡುತ್ತದೆ. ಬರೆದ ಮೇಲೆ 05ರ ಸಂಖ್ಯೆ ಏರುತ್ತಲೇ ಹೋದರೆ ಆ ಡಿಸ್ಕಿಗೆ ಹೊಸ ವಿಂಡೋಸ್ ಹಾಕಬೇಡಿ, ಮಾರಲೂ ಬೇಡಿ. ಸೊನ್ನೆ ಬರೆಯುವ ಕೆಲಸ ಹೀಗೆ ಡಿಸ್ಕಿನ ಆರೋಗ್ಯ ತಪಾಸಣೆಯೂ ಆಗುತ್ತದೆ.

ಎಸ್‌ಎಸ್‌ಡಿಯ ಲೆಕ್ಕವೇ ಬೇರೆ

ಹಾರ್ಡ್ ಡಿಸ್ಕಿನಲ್ಲಿ ಒಂದು ಸೆಕ್ಟರಿಗೆ ಬರೆದರೆ ಹಳೆಯದರ ಮೇಲೆಯೇ ಬರೆದಂತೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಫ್ಲ್ಯಾಶ್ ಕೋಶಗಳು ಸಮನಾಗಿ ಸವೆಯಲೆಂದು ಅದರ ಕಂಟ್ರೋಲರ್ ಪ್ರತಿ ಬರಹವನ್ನೂ ಹೊಸ ಜಾಗಕ್ಕೆ ಕಳಿಸುತ್ತದೆ. ಹಳೆಯ ಪ್ರತಿ ತನ್ನ ಜಾಗದಲ್ಲೇ ಉಳಿದು ಆಮೇಲೆ ಯಾವಾಗಲೋ ಅಳಿಯುತ್ತದೆ. ನಿಮಗೆ ತೋರಿಸುವ ಗಾತ್ರಕ್ಕಿಂತ ಹೆಚ್ಚು ಜಾಗವನ್ನು ಅದು ಒಳಗೆ ಇಟ್ಟುಕೊಂಡಿರುತ್ತದೆ, ಆ ಹೆಚ್ಚುವರಿ ಜಾಗಕ್ಕೆ ಕ್ಲೀನ್ ಆಲ್ ನೇರವಾಗಿ ಮುಟ್ಟುವುದಿಲ್ಲ. ಹೀಗಾಗಿ ಸೊನ್ನೆ ಬರೆಯುವುದರಿಂದ ಎಸ್‌ಎಸ್‌ಡಿ ಒಂದಿಷ್ಟು ಸವೆಯುತ್ತದೆ, ಪೂರ್ತಿ ಅಳಿಯಿತೆಂಬ ಖಾತರಿಯೂ ಸಿಗುವುದಿಲ್ಲ. ಒಂದೊಂದೇ ಫೈಲನ್ನು ಅಳಿಸುವ ‘ಶ್ರೆಡ್ಡರ್’ ತಂತ್ರಾಂಶಗಳಂತೂ ಎಸ್‌ಎಸ್‌ಡಿಯ ಮೇಲೆ ನಂಬಲು ಯೋಗ್ಯವಲ್ಲ.

ವಿಂಡೋಸ್ ಫಾರ್ಮ್ಯಾಟ್ ಮಾಡುವಾಗ ಎಸ್‌ಎಸ್‌ಡಿಗೆ ಟ್ರಿಮ್ ಸೂಚನೆ ಹೋಗುತ್ತದೆ. ‘ಈ ಜಾಗಗಳು ಇನ್ನು ಬೇಡ’ ಎಂದು ಹೇಳಿದ ಹಾಗೆ. ಆಮೇಲೆ ಓದಿದರೆ ಬಹಳಷ್ಟು ಎಸ್‌ಎಸ್‌ಡಿಗಳು ಸೊನ್ನೆಯನ್ನೇ ಕೊಡುತ್ತವೆ. ಕ್ವಿಕ್ ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕಿನಿಂದ ಫೋಟೋ ವಾಪಸ್ ಬರುವಷ್ಟು ಸುಲಭವಾಗಿ ಎಸ್‌ಎಸ್‌ಡಿಯಿಂದ ಬಾರದಿರಲು ಇದೇ ಕಾರಣ. ಇದು ನಿಮ್ಮ ಮನೆಯ ಬಳಕೆಗೆ ಸಾಕು, ಮಾರಾಟಕ್ಕೆ ಸಾಲದು.

ಮಾರುವುದಾದರೆ ಎಸ್‌ಎಸ್‌ಡಿಯ ಫರ್ಮ್‌ವೇರ್‌ಗೇ ಆಜ್ಞೆ ಕೊಡಬೇಕು. ಹಳೆಯ ಬಗೆಯ ಸಾಟಾ ಜೋಡಣೆಯ ಡ್ರೈವಿಗೆ ಅದು ಸೆಕ್ಯೂರ್ ಎರೇಸ್, ಹೊಸ ಬಗೆಯ ಎನ್‌ವಿಎಂಇ ಜೋಡಣೆಯ ಡ್ರೈವಿಗೆ ಫಾರ್ಮ್ಯಾಟ್ ಅಥವಾ ಸ್ಯಾನಿಟೈಸ್. ಸಾಮಾನ್ಯವಾಗಿ ಕೆಲವು ಸೆಕೆಂಡಿನಿಂದ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟು ಬೇಗ ಆಯಿತೆಂದು ಅನುಮಾನ ಬೇಡ. ಬಹಳಷ್ಟು ಡ್ರೈವ್‌ಗಳು ಎಲ್ಲ ಡೇಟಾವನ್ನೂ ಒಳಗೇ ಎನ್‌ಕ್ರಿಪ್ಟ್ ಮಾಡಿಯೇ ಬರೆಯುತ್ತವೆ, ಆ ಕೀಯನ್ನು ಬದಲಿಸಿದರೆ ಉಳಿದದ್ದೆಲ್ಲ ಅರ್ಥವಿಲ್ಲದ ಕಸ.

ದಾರಿಗಳು ಮೂರು. ಮೊದಲು ಬಯೋಸ್ ನೋಡಿ. ಡೆಲ್ ಬಿಸಿನೆಸ್ ಮಾಡೆಲ್‌ಗಳಲ್ಲಿ ‘ಡೇಟಾ ವೈಪ್’, ಎಚ್‌ಪಿ ಬಿಸಿನೆಸ್ ಮಾಡೆಲ್‌ಗಳಲ್ಲಿ ಮತ್ತು ಆಸುಸ್‌ನ ಹಲವು ಮದರ್‌ಬೋರ್ಡ್‌ಗಳಲ್ಲಿ ‘ಸೆಕ್ಯೂರ್ ಎರೇಸ್’ ಇರುತ್ತದೆ. ಇದ್ದರೆ ಇದಕ್ಕಿಂತ ಸಲೀಸು ಬೇರೆ ಇಲ್ಲ. ಇಲ್ಲವಾದರೆ ಡ್ರೈವ್ ತಯಾರಕರ ತಂತ್ರಾಂಶ: ಸ್ಯಾಮ್‌ಸಂಗ್ ಮ್ಯಾಜಿಶಿಯನ್, ಕ್ರೂಶಿಯಲ್ ಸ್ಟೋರೇಜ್ ಎಕ್ಸಿಕ್ಯೂಟಿವ್, ಕಿಂಗ್‌ಸ್ಟನ್ ಎಸ್‌ಎಸ್‌ಡಿ ಮ್ಯಾನೇಜರ್ ಇತ್ಯಾದಿ. ವಿಂಡೋಸ್ ಓಡುತ್ತಿರುವ ಡ್ರೈವನ್ನು ಒಳಗಿಂದಲೇ ಅಳಿಸಲಾಗದು. ಸ್ಯಾಮ್‌ಸಂಗ್‌ನದು ಇದಕ್ಕೆಂದೇ ಬೂಟಬಲ್ ಪೆನ್ ಡ್ರೈವ್ ಮಾಡಿಕೊಡುತ್ತದೆ.

ಮೂರನೆಯದು ಲಿನಕ್ಸ್ ಲೈವ್ ಪೆನ್ ಡ್ರೈವ್, ಅಂದರೆ ಡಿಸ್ಕಿಗೆ ಹಾಕದೆ ಪೆನ್ ಡ್ರೈವಿನಿಂದಲೇ ಓಡುವ ಲಿನಕ್ಸ್. ಎನ್‌ವಿಎಂಇಗೆ ‘ಎನ್‌ವಿಎಂಇ ಫಾರ್ಮ್ಯಾಟ್’ ಆಜ್ಞೆಯಲ್ಲಿ ಸೆಕ್ಯೂರ್ ಎರೇಸ್ ಸೆಟ್ಟಿಂಗ್ 1 ಕೊಟ್ಟರೆ ಡೇಟಾ ಅಳಿಸುತ್ತದೆ, 2 ಕೊಟ್ಟರೆ ಎನ್‌ಕ್ರಿಪ್ಷನ್ ಕೀ ಅಳಿಸುತ್ತದೆ. ಎಲ್ಲ ಡ್ರೈವ್‌ಗೂ 2 ನಡೆಯುವುದಿಲ್ಲ, 1 ಕೊಟ್ಟರೆ ಸಾಕು. ಸಾಟಾ ಡ್ರೈವಿಗೆ ಎಚ್‌ಡಿಪಾರ್ಮ್ ಎಂಬ ಆಜ್ಞೆ. ಇಲ್ಲಿ ಎಡವುವ ಜಾಗ ಒಂದಿದೆ. ಡ್ರೈವಿನ ವಿವರದಲ್ಲಿ ‘ಫ್ರೋಜನ್’ ಎಂದು ಬಂದರೆ ಬೂಟ್ ಆಗುವಾಗ ಬಯೋಸ್ ಅದಕ್ಕೆ ಬೀಗ ಹಾಕಿದೆ ಎಂದರ್ಥ. ಯಂತ್ರವನ್ನು ಸ್ಲೀಪ್‌ಗೆ ಕಳಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ‘ನಾಟ್ ಫ್ರೋಜನ್’ ಆಗುತ್ತದೆ. ಆಮೇಲೆ ತಾತ್ಕಾಲಿಕ ಪಾಸ್‌ವರ್ಡ್ ಒಂದನ್ನು ಹಾಕಿ, ಅದೇ ಪಾಸ್‌ವರ್ಡ್ ಕೊಟ್ಟು ಎರೇಸ್ ಶುರು ಮಾಡಬೇಕು. ನಡುವೆ ಕರೆಂಟ್ ಹೋದರೆ ಡ್ರೈವ್ ಪಾಸ್‌ವರ್ಡ್ ಸಮೇತ ಲಾಕ್ ಆಗಿ ಕೂರುತ್ತದೆ, ಅದೇ ಪಾಸ್‌ವರ್ಡ್‌ನಿಂದ ಮತ್ತೆ ಎರೇಸ್ ಕೊಟ್ಟರೆ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಪಾಸ್‌ವರ್ಡ್ ಒಂದೇ ಅಕ್ಷರದ್ದಾದರೂ ಬರೆದಿಟ್ಟುಕೊಳ್ಳಿ. ಈ ಕೆಲಸವನ್ನು ಯುಎಸ್‌ಬಿ ಕೇಸಿನೊಳಗಿಟ್ಟು ಮಾಡಬೇಡಿ. ಬಹಳಷ್ಟು ಕೇಸುಗಳು ಆಜ್ಞೆಯನ್ನು ಸರಿಯಾಗಿ ದಾಟಿಸುವುದಿಲ್ಲ. ಡ್ರೈವನ್ನು ನೇರವಾಗಿ ಮದರ್‌ಬೋರ್ಡಿಗೆ ಜೋಡಿಸಿ.

ಫರ್ಮ್‌ವೇರ್ ‘ಆಯಿತು’ ಎಂದ ಮಾತ್ರಕ್ಕೆ ನಂಬಬೇಕಿಲ್ಲ. 2011ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಂದಿನ ಎಸ್‌ಎಸ್‌ಡಿಗಳನ್ನು ಬಿಚ್ಚಿ ಚಿಪ್‌ಗಳನ್ನೇ ಓದಿ ನೋಡಿದಾಗ, ಅಳಿಸಿದ್ದೇನೆ ಎಂದು ವರದಿ ಕೊಟ್ಟ ಒಂದು ಡ್ರೈವಿನಲ್ಲಿ ಡೇಟಾ ಪೂರ್ತಿ ಹಾಗೇ ಇತ್ತು. ಮುಗಿದ ಮೇಲೆ ಅದೇ ಡ್ರೈವಿನ ಮೇಲೆ ಫೋಟೋರೆಕ್ ಅಥವಾ ಅದರಂಥದ್ದೇ ರೆಕ್ಯುವಾ ಓಡಿಸಿ. ಒಂದೇ ಒಂದು ಹಳೆಯ ಫೋಟೋ ಸಿಕ್ಕರೂ ಅಳಿಸಿಲ್ಲ ಎಂದರ್ಥ. ಹಾರ್ಡ್ ಡಿಸ್ಕಿಗೂ ಇದೇ ಪರೀಕ್ಷೆ ಅನ್ವಯಿಸುತ್ತದೆ.

ಮೊದಲಿನಿಂದಲೇ ಎನ್‌ಕ್ರಿಪ್ಷನ್

ಎಲ್ಲಕ್ಕಿಂತ ನಮಗೆ ಹಿಡಿಸುವ ದಾರಿ ಇದು. ಡಿಸ್ಕನ್ನು ಮೊದಲ ದಿನದಿಂದಲೇ ಬಿಟ್‌ಲಾಕರ್ ಅಥವಾ ಲಿನಕ್ಸ್‌ನ ಲಕ್ಸ್‌ನಿಂದ ಎನ್‌ಕ್ರಿಪ್ಟ್ ಮಾಡಿದ್ದರೆ, ಮಾರುವ ದಿನ ಪಾರ್ಟಿಷನ್ ಅಳಿಸಿ ಕೀ ಕೈಬಿಟ್ಟರೆ ಸಾಕು. ಹಠಾತ್ತನೆ ಕೆಟ್ಟು ಯಾವ ಆಜ್ಞೆಯನ್ನೂ ಕೇಳದ ಡಿಸ್ಕನ್ನೂ ಧೈರ್ಯವಾಗಿ ವಾರಂಟಿಗೆ ಕಳಿಸಬಹುದು. ಬೇರೆ ಯಾವ ವಿಧಾನವೂ ಈ ಅನುಕೂಲ ಕೊಡುವುದಿಲ್ಲ.

ಒಂದು ಸೂಕ್ಷ್ಮ ಇದೆ. ಬಿಟ್‌ಲಾಕರ್ ಆನ್ ಮಾಡುವಾಗ ‘ಬಳಸಿದ ಜಾಗ ಮಾತ್ರ’ ಅಥವಾ ‘ಇಡೀ ಡ್ರೈವ್’ ಎಂದು ಕೇಳುತ್ತದೆ. ವರ್ಷಗಟ್ಟಲೆ ಬಳಸಿದ ಡಿಸ್ಕಿಗೆ ಮೊದಲನೆಯದನ್ನು ಆರಿಸಿದರೆ, ಹಿಂದೆ ಡಿಲೀಟ್ ಮಾಡಿದ ಫೈಲ್‌ಗಳು ಖಾಲಿ ಜಾಗದಲ್ಲಿ ಎನ್‌ಕ್ರಿಪ್ಟ್ ಆಗದೆ ಉಳಿಯುತ್ತವೆ. ಹಳೆಯ ಡಿಸ್ಕಿಗೆ ಯಾವಾಗಲೂ ಇಡೀ ಡ್ರೈವ್ ಎಂದೇ ಕೊಡಿ.

ಮ್ಯಾಕ್ ಬಳಸುವವರಿಗೆ ಈ ಕೆಲಸ ಹಗುರ. ಆ್ಯಪಲ್ ಸಿಲಿಕಾನ್ (ಆ್ಯಪಲ್‌ನದೇ ಪ್ರೊಸೆಸರ್) ಅಥವಾ ಟಿ2 ಭದ್ರತಾ ಚಿಪ್ ಇರುವ ಯಂತ್ರದಲ್ಲಿ ಮ್ಯಾಕ್‌ಓಎಸ್ ಮಾಂಟೆರೇ ಅಥವಾ ಈಚಿನ ಆವೃತ್ತಿಯಿದ್ದರೆ ‘ಎರೇಸ್ ಆಲ್ ಕಂಟೆಂಟ್ ಆ್ಯಂಡ್ ಸೆಟ್ಟಿಂಗ್ಸ್’ ಕೀಯನ್ನೇ ಅಳಿಸಿ ಕೆಲವೇ ನಿಮಿಷದಲ್ಲಿ ಮುಗಿಸುತ್ತದೆ. ಐಕ್ಲೌಡ್‌ನಿಂದ ಸೈನ್ ಔಟ್ ಆಗಿದೆಯೇ ನೋಡಿ, ಇಲ್ಲದಿದ್ದರೆ ಕೊಂಡವರಿಗೆ ಆ್ಯಕ್ಟಿವೇಷನ್ ಲಾಕ್ (ನಿಮ್ಮ ಖಾತೆಯ ಬೀಗ) ಕಾಡುತ್ತದೆ.

ಅಳಿಸಿದ ಮೇಲೆ ಇನ್‌ಸ್ಟಾಲ್ ಆಗದಿದ್ದರೆ

ಡಿಸ್ಕಿನಲ್ಲಿ ಹಳೆಯ ಬಗೆಯ ಎಂಬಿಆರ್ ಪಾರ್ಟಿಷನ್ ಪಟ್ಟಿ ಇದೆ, ಇಎಫ್‌ಐ ಸಿಸ್ಟಂನಲ್ಲಿ ಹೊಸ ಬಗೆಯ ಜಿಪಿಟಿ ಪಟ್ಟಿ ಬೇಕು ಎಂಬ ದೂರು ಬಂದರೆ ಶಿಫ್ಟ್ ಎಫ್10 ಒತ್ತಿ, ಡಿಸ್ಕ್‌ಪಾರ್ಟ್‌ನಲ್ಲಿ ಡಿಸ್ಕ್ ಆರಿಸಿ, ಕ್ಲೀನ್ ಕೊಟ್ಟು, ಕನ್ವರ್ಟ್ ಜಿಪಿಟಿ ಕೊಡಿ. ಇದು ಆ ಡಿಸ್ಕಿನ ಎಲ್ಲ ಪಾರ್ಟಿಷನ್ನನ್ನೂ, ಡಿ ಡ್ರೈವ್ ಸಮೇತ, ತೆಗೆದುಬಿಡುತ್ತದೆ. ಡಿ ಉಳಿಸಿಕೊಳ್ಳುವ ಆಸೆಯಿದ್ದರೆ ಮೊದಲು ಅದನ್ನು ಹೊರಗೆ ಕಾಪಿ ಮಾಡಿ.

ಸೆಟಪ್‌ಗೆ ಯಾವ ಡಿಸ್ಕೂ ಕಾಣದಿದ್ದರೆ ಅಳಿಸುವಾಗ ಡಿಸ್ಕ್ ಕೆಟ್ಟಿತೆಂದು ಗಾಬರಿ ಬೇಡ. ಇಂಟೆಲ್ 11ನೇ ತಲೆಮಾರು ಮತ್ತು ನಂತರದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿಗಳನ್ನು ನಿಭಾಯಿಸುವ ವಿಎಂಡಿ ಎಂಬ ವ್ಯವಸ್ಥೆ ಆನ್ ಇರುತ್ತದೆ, ಅದಕ್ಕೆ ಬೇಕಾದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇನ್‌ಸ್ಟಾಲರಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ತಾಣದಿಂದ ಅದನ್ನು ಇಳಿಸಿ ಪೆನ್ ಡ್ರೈವಿಗೆ ಬಿಚ್ಚಿ ಹಾಕಿಕೊಂಡು ‘ಲೋಡ್ ಡ್ರೈವರ್’ ಕೊಟ್ಟರೆ ಡಿಸ್ಕ್ ಕಾಣುತ್ತದೆ. ಡಿಸ್ಕ್ ಅಳಿಸಿಯಾದ ಮೇಲೆ ಇದನ್ನು ಹುಡುಕಲು ಇನ್ನೊಂದು ಕಂಪ್ಯೂಟರ್ ಬೇಕಾಗುತ್ತದೆ, ವೈಫೈ ಡ್ರೈವರ್ ಸಮೇತ ಮೊದಲೇ ಇಳಿಸಿಟ್ಟುಕೊಳ್ಳಿ.

ಪತ್ತೆಯೇ ಆಗದಷ್ಟು ಕೆಟ್ಟ ಡಿಸ್ಕಿಗೆ ತಂತ್ರಾಂಶದ ದಾರಿ ಮುಚ್ಚಿದಂತೆ. ಹಾರ್ಡ್ ಡಿಸ್ಕಿನ ಮೇಲ್ಮುಚ್ಚಳದ ಸ್ಕ್ರೂಗಳು ಸಾಮಾನ್ಯವಾಗಿ ನಕ್ಷತ್ರಾಕಾರದ ಟಾರ್ಕ್ಸ್, ಟಿ6ರಿಂದ ಟಿ8. ಒಳಗಿನ ತಟ್ಟೆಗಳಿಗೆ ಡ್ರಿಲ್‌ನಿಂದ ನಾಲ್ಕೈದು ಕಡೆ ತೂತು ಹಾಕಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಿನ ತಟ್ಟೆ ಹೆಚ್ಚಾಗಿ ಗಾಜಿನದು, ತೂತು ಹಾಕುವಾಗ ಸಿಡಿದು ಚೂರಾಗುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಕೂರಬೇಡಿ, ಬಟ್ಟೆಯೊಳಗೆ ಸುತ್ತಿ ಮಾಡಿ. ಎಸ್‌ಎಸ್‌ಡಿಯಲ್ಲಿ ಬೋರ್ಡಿಗೆ ಒಂದು ತೂತು ಸಾಲದು, ಪ್ರತಿ ಕಪ್ಪು ಮೆಮೊರಿ ಚಿಪ್ಪೂ ಒಡೆಯಬೇಕು. ಉಳಿದ ಚೂರುಗಳನ್ನು ಮನೆಯ ಕಸಕ್ಕೆ ಸೇರಿಸದೆ ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ.